ಹಳೆಯ ಲ್ಯಾಪ್‌ಟಾಪ್ ನಡುನಡುವೆ ನಿಂತುಹೋದರೆ: ಕಾರಣವೂ ಕ್ರಮವೂ

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಎಲೆಚುಕ್ಕಿ ರೋಗ, ಕಾಂಡಕೊರಕ, ಆಳಿನ ಅಭಾವ ಇವುಗಳ ಜೊತೆಗೆ ಇತ್ತೀಚೆಗೆ ಮತ್ತೊಂದು ದೂರನ್ನೂ ಹೇಳತೊಡಗಿದ್ದಾರೆ. ಮನೆಯಲ್ಲಿರುವ ಲ್ಯಾಪ್‌ಟಾಪ್ ಕೆಲಸದ ನಡುವೆ ನಿಂತುಹೋಗುತ್ತದೆ. ಪರದೆಯ ಮೇಲಿನ ಬಾಣ ಅಲುಗಾಡುವುದಿಲ್ಲ, ಕೀಲಿ ಒತ್ತಿದರೆ ಉತ್ತರವಿಲ್ಲ, ಗುಂಡಿಯನ್ನು ಒತ್ತಿಹಿಡಿದು ಆರಿಸಿ ಮತ್ತೆ ಹಚ್ಚಬೇಕಾಗುತ್ತದೆ ಎಂಬುದೇ ಆ ದೂರು. ‘ಹ್ಯಾಂಗ್ ಆಯಿತು’ ಎಂಬ ಮಾತು ಈಗ ಹಳ್ಳಿಯಲ್ಲಿ ಯಾರಿಗೂ ಹೊಸದಲ್ಲ. ಏಕೆ ಹಾಗಾಗುತ್ತದೆ, ನಾವೇ ಎಷ್ಟರಮಟ್ಟಿಗೆ ಪರೀಕ್ಷಿಸಿಕೊಳ್ಳಬಹುದು, ಎಲ್ಲಿಂದ ಮುಂದೆ ರಿಪೇರಿಯವರ ಕೈಗೆ ಕೊಡಬೇಕು ಎಂಬ ವಿಷಯಗಳನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಈ ಯಂತ್ರಗಳ ಪೂರ್ವಾಪರ ಹೆಚ್ಚುಕಡಿಮೆ ಒಂದೇ. ಮಗನೋ ಮಗಳೋ ಕಾಲೇಜಿಗೆ ಸೇರಿದಾಗ ಕೊಂಡದ್ದು, ಇಲ್ಲವೇ 2020ರಲ್ಲಿ ಕೊರೊನಾ ಬಂದು ಪಾಠಗಳೆಲ್ಲ ಮನೆಯಲ್ಲೇ ನಡೆದಾಗ ತುರ್ತಾಗಿ ತಂದದ್ದು. ಮಕ್ಕಳು ಬೆಂಗಳೂರು ಸೇರಿ ಹೊಸದನ್ನು ಕೊಂಡರು, ಹಳೆಯದು ತೋಟದ ಮನೆಯ ಪಾಲಿಗೆ ಉಳಿಯಿತು. ಈಗ ಅದರಲ್ಲಿ ತೋಟದ ಖರ್ಚಿನ ಲೆಕ್ಕ, ಆಳುಗಳ ಮುಂಗಡ, ಅಡಿಕೆ ಮಾರಿದ ಪಟ್ಟಿ, ಪಹಣಿಯ ನಕಲು, ಬೆಳೆವಿಮೆಯ ರಸೀದಿ, ಕಾಫಿ ಮಂಡಳಿಗೆ ಹಾಕಿದ ಸಹಾಯಧನದ ಅರ್ಜಿ ಎಲ್ಲವೂ ಕುಳಿತಿವೆ. ಮಾರುಕಟ್ಟೆಯಲ್ಲಿ ಆ ಯಂತ್ರಕ್ಕೆ ಬೆಲೆ ಇಲ್ಲದಿರಬಹುದು. ಒಳಗಿರುವ ಕಾಗದಗಳಿಗೆ ಇದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಗೆ ಸೇರಿದ ಸಂಘಗಳ ಲೆಕ್ಕ ಒಂದು ಯಂತ್ರದಲ್ಲಷ್ಟೇ ಉಳಿಯದಂತೆ ಬೇರೆಡೆಯ ಗಣಕಗಳಿಗೂ ಸೇರುವ ವ್ಯವಸ್ಥೆಯಿದೆ. ಮನೆಯ ಲೆಕ್ಕಕ್ಕೆ ಅಂಥ ಕಾವಲು ಯಾರೂ ಇಟ್ಟಿಲ್ಲ.

ಮೊದಲು ನಕಲು, ಆಮೇಲೆ ಚಿಕಿತ್ಸೆ

ಆದುದರಿಂದ ಎರಡು ಮೂರು ಸಲ ನಿಂತುಹೋದ ಯಂತ್ರದಲ್ಲಿ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ. ಅದು ಇನ್ನೂ ಏಳುತ್ತಿರುವಾಗಲೇ ಒಳಗಿರುವುದನ್ನು ಹೊರಗೆ ತೆಗೆದುಕೊಳ್ಳಬೇಕು. ಬಹುಮಂದಿ ಮಾಡುವುದು ಇದಕ್ಕೆ ವಿರುದ್ಧ. ಯಾರೋ ಹೇಳಿದರೆಂದು ‘ವೇಗ ಹೆಚ್ಚಿಸುವ’ ತಂತ್ರಾಂಶವೊಂದನ್ನು ಇಳಿಸಿಕೊಳ್ಳುತ್ತಾರೆ, ಇಲ್ಲವೇ ಡಿಸ್ಕನ್ನು ತಪಾಸಣೆಗೆ ಹಚ್ಚಿ ರಾತ್ರಿಯಿಡೀ ಬಿಡುತ್ತಾರೆ. ದೋಷ ಡಿಸ್ಕಿನಲ್ಲೇ ಇದ್ದಲ್ಲಿ, ಇಂಥ ತಪಾಸಣೆ ಅದನ್ನು ಮೂಲೆಮೂಲೆಯವರೆಗೆ ಓಡಿಸುತ್ತದೆ. ಸಾಯುವ ಎತ್ತಿಗೆ ನೊಗ ಹೂಡಿದಂತೆ. ನಕಲು ಮುಗಿಯುವ ತನಕ ಅದನ್ನು ಮಾಡಬಾರದು.

ನಕಲು ಮಾಡುವಾಗ ಎಲ್ಲವನ್ನೂ ಒಮ್ಮೆಗೇ ಎಳೆಯಲು ಹೋಗದೆ, ಅತಿ ಮುಖ್ಯವಾದದ್ದನ್ನು ಮೊದಲು ಸಣ್ಣ ಸಣ್ಣ ಕಂತುಗಳಲ್ಲಿ ತೆಗೆಯಬೇಕು. ಲೆಕ್ಕ, ಜಮೀನಿನ ಕಾಗದ, ಬ್ಯಾಂಕಿನದು ಮೊದಲು. ಮದುವೆಯ ವಿಡಿಯೋ ಕೊನೆಗೆ. ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್ ಮಾತ್ರ ನಕಲಾದರೆ ಸಾಲದು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರ ದತ್ತಾಂಶ ಬೇರೆ ಕಡೆ ತನ್ನದೇ ಫೋಲ್ಡರಿನಲ್ಲಿರುತ್ತದೆ. ಅದು ಎಲ್ಲಿದೆ ಎಂಬುದು ಟ್ಯಾಲಿಯ ಒಳಗೇ ಬರೆದಿರುತ್ತದೆ. ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಪಹಣಿಗಳೂ ಚಲನ್‌ಗಳೂ ಬಿದ್ದಿರುತ್ತವೆ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳಿದ್ದರೆ, ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದೆ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಪತ್ರ ಹಾಳಾಯಿತೆಂದು ಗಾಬರಿಯಾಗುವ ಕಾರಣವಿಲ್ಲ, ನುಡಿಯನ್ನು ಹಾಕಿಕೊಂಡರೆ ಓದಬಹುದು.

ಹೊರಗಿನ ಡಿಸ್ಕಿನಲ್ಲಿ ಒಂದು ನಕಲು, ಇನ್ನೊಂದು ನಕಲು ಬೇರೊಂದು ಮನೆಯಲ್ಲಿ ಅಥವಾ ಮಕ್ಕಳ ಬಳಿ. ಪೆನ್‌ಡ್ರೈವ್ ಒಂದನ್ನೇ ನಂಬುವುದು ಸರಿಯಲ್ಲ. ನಕಲಾದ ಕಡತಗಳಲ್ಲಿ ನಾಲ್ಕಾರನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ನಕಲು ಆಯಿತೆನ್ನಬೇಕು.

ಯಾವಾಗ ನಿಲ್ಲುತ್ತದೆ?

ನಿಂತುಹೋಗುವುದು ರೋಗವಲ್ಲ, ಲಕ್ಷಣ. ಎಲೆ ಹಳದಿಯಾಯಿತೆಂದರೆ ನೀರು ನಿಂತದ್ದೋ, ಸುಣ್ಣ ಕಡಿಮೆಯೋ, ಬೇರುಹುಳುವೋ ಎಂದು ನಾವು ಕೇಳುವುದಿಲ್ಲವೇ? ಇಲ್ಲೂ ಹಾಗೆಯೇ. ಕಾರಣ ಕಂಡುಹಿಡಿಯುವುದಕ್ಕೆ ಎಲ್ಲಕ್ಕಿಂತ ಉಪಯುಕ್ತವಾದ ಸಾಧನ ಒಂದು ಸಣ್ಣ ನೋಟುಪುಸ್ತಕ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಸೆಂಟು ಬರೆದಿಡುವ ಬೆಳೆಗಾರನಿಗೆ ಇದೇನು ಹೊಸ ಅಭ್ಯಾಸವಲ್ಲ. ಹಚ್ಚಿದ್ದು ಎಷ್ಟು ಹೊತ್ತಿಗೆ, ನಿಂತದ್ದು ಎಷ್ಟು ಹೊತ್ತಿಗೆ, ಆಗ ಏನು ತೆರೆದಿತ್ತು, ಚಾರ್ಜರ್ ಹಾಕಿತ್ತೋ ಇಲ್ಲವೋ, ಅಡಿ ಮುಟ್ಟಿದರೆ ಬಿಸಿಯೋ ಎಂಬುದನ್ನು ಒಂದು ವಾರ ಬರೆದರೆ ಸಾಕು, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಚ್ಚಿದ ಮೊದಲ ಐದು ಹತ್ತು ನಿಮಿಷದಲ್ಲೇ ಸಿಕ್ಕಿಕೊಂಡು, ಆಮೇಲೆ ತಾನಾಗಿ ಸರಿಹೋಗುವುದಾದರೆ, ಯಂತ್ರ ಏಳುವಾಗಲೇ ಹತ್ತಾರು ಕೆಲಸಗಳು ಒಟ್ಟಿಗೆ ಏಳುತ್ತಿವೆ ಎಂದರ್ಥ. ಅರ್ಧ ಗಂಟೆ, ಮುಕ್ಕಾಲು ಗಂಟೆ ಸರಿಯಾಗಿ ನಡೆದು, ಅಡಿ ಸುಡತೊಡಗಿದ ಮೇಲೆ ನಿಧಾನವಾಗಿ ಕೊನೆಗೆ ನಿಂತರೆ ಅಥವಾ ತಟ್ಟನೆ ಆರಿಹೋದರೆ, ಬಿಸಿ. ನಿರ್ದಿಷ್ಟವಾದ ಒಂದು ಕಡತವನ್ನೋ ಒಂದು ಫೋಲ್ಡರನ್ನೋ ತೆರೆದಾಗಲೆಲ್ಲ ನಿಂತರೆ ಡಿಸ್ಕಿನ ಆ ಭಾಗ ಕೆಟ್ಟಿರುವ ಸಂಭವ ಹೆಚ್ಚು. ಬ್ರೌಸರಿನಲ್ಲಿ ಹತ್ತು ಪುಟ ಬಿಚ್ಚಿಟ್ಟು ಮೇಲೆ ಲೆಕ್ಕದ ತಂತ್ರಾಂಶವನ್ನೂ ತೆರೆದಾಗ ನಿಂತರೆ ಮೆಮೊರಿ ಸಾಲದು. ಎತ್ತಿ ಬೇರೆ ಕಡೆ ಇಟ್ಟಾಗ, ಪರದೆ ಅಲುಗಿದಾಗ ನಿಂತರೆ ಒಳಗೆ ಎಲ್ಲೋ ಜೋಡಣೆ ಸಡಿಲ.

ನಿಂತ ಕೂಡಲೇ ಗುಂಡಿ ಒತ್ತಿ ಆರಿಸುವ ಅಭ್ಯಾಸವನ್ನು ಬಿಡಬೇಕು. ಮೊದಲು ‘ಕ್ಯಾಪ್ಸ್ ಲಾಕ್’ ಕೀಲಿಯನ್ನು ಒತ್ತಿ ನೋಡಿ. ಆ ಕೀಲಿಗೆ ಸಣ್ಣ ದೀಪವಿರುವ ಯಂತ್ರಗಳಲ್ಲಿ, ದೀಪ ಹತ್ತಿ ಆರಿದರೆ ಯಂತ್ರಕ್ಕೆ ಇನ್ನೂ ಪ್ರಜ್ಞೆ ಇದೆ, ಯಾವುದೋ ಕೆಲಸಕ್ಕಾಗಿ ಕಾಯುತ್ತಿದೆ. ಐದು ನಿಮಿಷ ಬಿಟ್ಟುಕೊಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ಎಂಬ ಪಟ್ಟಿ ಬರುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವು ನೂರಕ್ಕೆ ಎಷ್ಟು ದುಡಿಯುತ್ತಿವೆ, ದುಡಿಸುತ್ತಿರುವುದು ಯಾವ ತಂತ್ರಾಂಶ ಎಂಬುದನ್ನು ಅದು ಸಾಲಾಗಿ ತೋರಿಸುತ್ತದೆ. ಆ ಅಂಕಿಗಳನ್ನು ನೋಟುಪುಸ್ತಕಕ್ಕೆ ಬರೆದುಕೊಂಡು, ಸಿಕ್ಕಿಕೊಂಡ ತಂತ್ರಾಂಶವೊಂದನ್ನು ಮಾತ್ರ ಅಲ್ಲಿಂದಲೇ ಮುಚ್ಚಬಹುದು. ಕ್ಯಾಪ್ಸ್ ಲಾಕ್ ದೀಪವೂ ಸತ್ತು, ಯಾವುದಕ್ಕೂ ಜಗ್ಗದಿದ್ದರೆ ಮಾತ್ರ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸುವುದು.

ಬಿಸಿ ಮತ್ತು ಧೂಳು

ಬಿಸಿಯ ವಿಷಯಕ್ಕೆ ನನ್ನ ಸೋದರಮಾವನ ಮನೆಯ ಯಂತ್ರವೇ ಒಳ್ಳೆಯ ಉದಾಹರಣೆ. ಮಾವನ ಮನೆ ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿದೆ. ಅವರು ಗಣಿಯ ಗಾಳಿ-ಸಂಚಾರದ ವಿಭಾಗದಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಅಲ್ಲೇ ಇದ್ದರು. ಈಗಲೂ ಗಣಿಯ ಕ್ವಾರ್ಟರ್ಸಿನಲ್ಲೇ ವಾಸ. ಆ ಮನೆಗಳ ಹಕ್ಕಿನ ಬಗ್ಗೆ ವರ್ಷಗಟ್ಟಲೆ ನಡೆದ ಪತ್ರವ್ಯವಹಾರವನ್ನೆಲ್ಲ ಸ್ಕ್ಯಾನ್ ಮಾಡಿ ಅವರು ಇಟ್ಟಿದ್ದದ್ದು 2015ರಲ್ಲಿ ಮೊಮ್ಮಗಳ ಓದಿಗೆಂದು ಕೊಂಡ ಒಂದು ಲ್ಯಾಪ್‌ಟಾಪಿನಲ್ಲಿ. ಅದು ದಿನಕ್ಕೆ ನಾಲ್ಕು ಬಾರಿ ನಿಲ್ಲತೊಡಗಿತು. ಬೆಂಗಳೂರಿನ ಒಂದು ಅಂಗಡಿಯವರು ತೆರೆದೂ ನೋಡದೆ, ಮದರ್‌ಬೋರ್ಡ್ ಹೋಗಿದೆ, ಹೊಸದು ಕೊಳ್ಳಿ ಎಂದುಬಿಟ್ಟಿದ್ದರು.

ನಾನು ಕಳೆದ ಜನವರಿಯಲ್ಲಿ ಒಂದು ಮದುವೆಗೆಂದು ಹೋಗಿದ್ದಾಗ, ಬಂಗಾರಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಾವನ ಕಿರಿಯ ಮಗ ಅದನ್ನು ನನ್ನೆದುರಿಗೇ ಬಿಚ್ಚಿದ. ಒಳಗಿನ ಫ್ಯಾನಿಗೂ ಶಾಖ ಹೊರಹಾಕುವ ತೆಳ್ಳನೆಯ ಲೋಹದ ರೆಕ್ಕೆಗಳಿಗೂ ನಡುವೆ ಬೂದುಬಣ್ಣದ ಒಂದು ಪದರ, ಕಂಬಳಿಯ ತುಂಡಿನಂತೆ ಕುಳಿತಿತ್ತು. ಬೆರಳಲ್ಲಿ ತಿಕ್ಕಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. “ಸೈನೈಡ್ ಗುಡ್ಡದ ಧೂಳು ಭಾವ. ಇಲ್ಲಿ ಯಾವ ಮನೆ ಲ್ಯಾಪ್‌ಟಾಪ್ ಬಿಚ್ಚಿದರೂ ಇದೇ,” ಎಂದ. ಆ ಊರು ಕಂಡವರಿಗೆ ಗೊತ್ತು: ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ದಿಬ್ಬಗಳು ಹದಿಮೂರಿವೆ, ಒಟ್ಟು 3 ಕೋಟಿ ಟನ್ನಿಗೂ ಮೀರಿ. ಗಾಳಿಯ ದಿನಗಳಲ್ಲಿ ಅದು ಹಾರಿ ಮನೆಯೊಳಗೆ ಬರುತ್ತದೆ.

ಲ್ಯಾಪ್‌ಟಾಪಿನೊಳಗೆ ಲೆಕ್ಕ ಮಾಡುವ ಪ್ರೊಸೆಸರ್ ಬಿಸಿಯಾಗುತ್ತದೆ. ಆ ಬಿಸಿ ತಾಮ್ರದ ಕೊಳವೆಯ ಮೂಲಕ ರೆಕ್ಕೆಗಳಿಗೆ ಬರುತ್ತದೆ. ಫ್ಯಾನು ಗಾಳಿ ಬೀಸಿ ಹೊರಗೆ ತಳ್ಳುತ್ತದೆ. ಈ ದಾರಿ ಕಟ್ಟಿದರೆ ಪ್ರೊಸೆಸರಿನ ಉಷ್ಣತೆ ನೂರು ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಸುಟ್ಟುಹೋಗದಂತೆ ಅದು ಮೊದಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಆಗ ಎಲ್ಲವೂ ತೆವಳುತ್ತದೆ; ಅದೂ ಸಾಲದಾದರೆ ಆರಿಹೋಗುತ್ತದೆ. ಅಂದರೆ ಯಂತ್ರ ಕೆಟ್ಟದ್ದಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ.

ಪಕ್ಕದಲ್ಲಿ ಕುಳಿತಿದ್ದ ಮಾವ ಇದನ್ನು ಕೇಳಿ ನಕ್ಕರು. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ದಾಟಿತ್ತು. ಯಂತ್ರಗಳಿಂದ ತಂಪು ಮಾಡಿದ ಗಾಳಿಯನ್ನು ಕೆಳಗೆ ಕಳುಹಿಸಿದರೆ ಮಾತ್ರ ಮನುಷ್ಯ ಅಲ್ಲಿ ದುಡಿಯಬಹುದಾಗಿತ್ತು. “ಕೆಳಗೆ ಶೆಕೆ ಜಾಸ್ತಿ ಆಯ್ತು ಅಂದ್ರೆ ಬಂಡೆ ಬೈತಾ ಕೂರ್ತಿರಲಿಲ್ಲ ಕಣಪ್ಪಾ. ಗಾಳಿ ಎಲ್ಲಿ ತಡೆದಿದೆ ಅಂತ ಹುಡುಕ್ತಿದ್ವಿ,” ಎಂದರು.

ನಮ್ಮ ಮಲೆನಾಡಿನಲ್ಲಿ ಸೈನೈಡ್ ಗುಡ್ಡವಿಲ್ಲ. ಆದರೆ ಅಡಿಕೆ ಸುಲಿಯುವ ಯಂತ್ರದ ಪಕ್ಕದ ಕೋಣೆಯಲ್ಲಿ, ಕಾಫಿ ಸಿಪ್ಪೆಯ ಹೊಟ್ಟು ಹಾರುವ ಕಣದ ಜಗುಲಿಯಲ್ಲಿ, ಬಚ್ಚಲೊಲೆಯ ಹೊಗೆ ಸುಳಿಯುವಲ್ಲಿ ಇಟ್ಟ ಯಂತ್ರಗಳ ಒಳಗೂ ಇದೇ ಕಂಬಳಿ ನೇಯ್ದುಕೊಳ್ಳುತ್ತದೆ. ಅದರ ಮೇಲೆ ಮಳೆಗಾಲದ ತೇವ ಸೇರಿ ಗಟ್ಟಿಯಾಗುತ್ತದೆ. ಹಲ್ಲಿ ಮೊಟ್ಟೆಯನ್ನೂ ಇರುವೆಗೂಡನ್ನೂ ನಾನು ಕಂಡದ್ದುಂಟು.

ಹೊರಗಿನ ಜಾಲರಿಯ ಧೂಳನ್ನು ಒಣ ಕುಂಚದಿಂದ ನಾವೇ ತೆಗೆಯಬಹುದು. ಒಳಗಿನದಕ್ಕೆ ಬಿಚ್ಚಬಲ್ಲವರೇ ಆಗಬೇಕು. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಒಂದು ಕಡ್ಡಿಯಿಂದ ತಡೆದು ಹಿಡಿಯಬೇಕು. ಊದಿದ ಗಾಳಿಗೆ ಅದು ಹುಚ್ಚೆದ್ದು ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಊದಿಸುವವರಿದ್ದಾರೆ. ಅದರ ಗಾಳಿಯಲ್ಲಿ ನೀರಿನ ಹನಿಗಳಿರುತ್ತವೆ, ಬೇಡ. ಬಿಚ್ಚಿದಾಗಲೇ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟನ್ನೂ ಬದಲಿಸಿಕೊಡಲು ಹೇಳಿ. ಐದಾರು ವರ್ಷದಲ್ಲಿ ಅದು ಒಣಗಿದ ಸುಣ್ಣದಂತಾಗಿ, ಶಾಖವನ್ನು ತಾಮ್ರಕ್ಕೆ ದಾಟಿಸುವುದಿಲ್ಲ. ಮನೆಯಲ್ಲಿ ಹಾಸಿಗೆ, ದಿಂಬುಗಳ ಮೇಲೆ ಇಟ್ಟು ಕೆಲಸ ಮಾಡದೆ, ಹಲಗೆಯ ಮೇಲೆ ಹಿಂಭಾಗಕ್ಕೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದರೆ ಅಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ.

ತಿರುಗುವ ಡಿಸ್ಕ್

ಧೂಳು ತೆಗೆದ ಮೇಲೆ ಮಾವನ ಯಂತ್ರ ಎರಡು ದಿನ ನಿಲ್ಲದೆ ನಡೆಯಿತು. ಮೂರನೆಯ ದಿನ ಬೆಳಿಗ್ಗೆ, ಹಚ್ಚಿದ ಹತ್ತೇ ನಿಮಿಷಕ್ಕೆ, ಅಡಿ ತಣ್ಣಗಿದ್ದಾಗಲೇ ಮತ್ತೆ ನಿಂತಿತು. ಹಳೆಯ ಯಂತ್ರಗಳಲ್ಲಿ ಇದನ್ನು ನಿರೀಕ್ಷಿಸಬೇಕು. ಒಂದೇ ಮೈಗೆ ಎರಡು ರೋಗ. ಒಂದು ವಾಸಿಯಾಯಿತೆಂದರೆ ಇನ್ನೊಂದು ಕಾಣುತ್ತದೆ.

ಆ ಕಾಲದ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಇರುವುದು ತಿರುಗುವ ಹಾರ್ಡ್ ಡಿಸ್ಕ್. ಒಳಗೆ ಕನ್ನಡಿಯಂಥ ತಟ್ಟೆ, ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ಸುತ್ತುತ್ತದೆ. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುವ ಒಂದು ಮುಳ್ಳು ಓದುತ್ತದೆ, ಬರೆಯುತ್ತದೆ. ಜೀಪಿನಲ್ಲಿ ಕುಲುಕಿದಾಗ, ಹಚ್ಚಿಟ್ಟಂತೆಯೇ ಎತ್ತಿ ಒಯ್ದಾಗ, ಕರೆಂಟು ಹೋಗಿ ತಟ್ಟನೆ ಆರಿದಾಗ ತಟ್ಟೆಯ ಮೇಲೆ ಅಲ್ಲಲ್ಲಿ ಓದಲಾಗದ ಜಾಗಗಳಾಗುತ್ತವೆ. ಅಂಥ ಜಾಗಕ್ಕೆ ಬಂದಾಗ ಡಿಸ್ಕು ಕೂಡಲೇ ಆಗದು ಎನ್ನುವುದಿಲ್ಲ. ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದು ಉತ್ತರಿಸುವ ತನಕ ಯಂತ್ರದ ಉಳಿದೆಲ್ಲ ಭಾಗಗಳೂ ಸಾಲಿನಲ್ಲಿ ನಿಂತು ಕಾಯುತ್ತವೆ. ನಮಗೆ ಕಾಣುವ ‘ಹ್ಯಾಂಗ್’ ಎಂದರೆ ಈ ಕಾಯುವಿಕೆ. ಡಿಸ್ಕಿನ ದೀಪ ಎಡೆಬಿಡದೆ ಉರಿಯುವುದು, ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ನೂರಕ್ಕೆ ನೂರು ಎಂದಿದ್ದರೂ ಪ್ರೊಸೆಸರ್ ಸುಮ್ಮನಿರುವುದು, ಒಳಗಿಂದ ಟಿಕ್ ಟಿಕ್ ಸದ್ದು, ಇವು ಗುರುತುಗಳು. ಸದ್ದು ಬಂತೆಂದರೆ ಸಮಯ ಮುಗಿಯುತ್ತಿದೆ. ಮುಖ್ಯ ಕಾಗದಗಳ ನಕಲು ಅಷ್ಟರೊಳಗೆ ಆಗಿರದಿದ್ದರೆ, ಯಂತ್ರವನ್ನು ಮತ್ತೆ ಮತ್ತೆ ಹಚ್ಚಿ ನೋಡದೆ ತಿಳಿದವರ ಬಳಿಗೆ ಒಯ್ಯುವುದೇ ಮೇಲು.

ಡಿಸ್ಕು ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ನೀಲಿ ಬಂದರೆ ಕ್ಷೇಮ, ಹಳದಿ ಎಚ್ಚರಿಕೆ, ಕೆಂಪು ಅಪಾಯ. ಮಾವನ ಯಂತ್ರದಲ್ಲಿ ಹಳದಿ ಬಂತು, ಓದಲಾಗದೆ ಬಾಕಿ ಉಳಿದ ಜಾಗಗಳ ಸಂಖ್ಯೆ ದಿನದಿನಕ್ಕೆ ಏರುತ್ತಿತ್ತು. ಕ್ವಾರ್ಟರ್ಸಿನ ಕಾಗದಗಳನ್ನು ಹುಡುಗ ಮೊದಲ ರಾತ್ರಿಯೇ ತೆಗೆದಿದ್ದ. ಉಳಿದದ್ದನ್ನು ತೆಗೆಯಲು ಎರಡು ದಿನ ಹಿಡಿಯಿತು, ಕೆಲವು ಹಳೆಯ ಫೋಟೋಗಳು ಸಿಗಲೇ ಇಲ್ಲ. ಗಣಿಯಲ್ಲಿ ಮಾವನ ಜೊತೆ ದುಡಿದವರ ಒಂದು ಗುಂಪಿನ ಚಿತ್ರವೂ ಹಾಗೆ ಹೋಯಿತು. ಕಾಗದದ ಮೂಲಪ್ರತಿ ಯಾರ ಬಳಿಯೂ ಇಲ್ಲವಂತೆ.

ಕೆಟ್ಟ ಡಿಸ್ಕಿಗೆ ಔಷಧವಿಲ್ಲ, ಬದಲಿಸಬೇಕು. ಬದಲಿಗೆ ಹಾಕಬೇಕಾದದ್ದು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪಿನ ಮೇಲೆ. ತಿರುಗುವ ಡಿಸ್ಕು ಚದುರಿಬಿದ್ದ ತುಣುಕುಗಳನ್ನು ಸೆಕೆಂಡಿಗೆ ಸುಮಾರು ನೂರರಂತೆ ಹೆಕ್ಕುವಲ್ಲಿ ಎಸ್‌ಎಸ್‌ಡಿ ಸಾವಿರಾರು ಹೆಕ್ಕುತ್ತದೆ. ಹತ್ತು ವರ್ಷದ ಯಂತ್ರಕ್ಕೆ ಏನಾದರೂ ಒಂದೇ ಖರ್ಚು ಮಾಡುವುದಿದ್ದರೆ ಅದು ಇದಕ್ಕೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೆ ಏರಿಳಿಯುತ್ತಿರುವುದರಿಂದ ಎರಡು ಮೂರು ಕಡೆ ವಿಚಾರಿಸಿ. ಹೆಸರು ಕೇಳದ ಕಂಪನಿಯ ಅಗ್ಗದ ಮಾಲನ್ನು, ಬಿಲ್ಲಿಲ್ಲದೆ, ಕೊಳ್ಳಬೇಡಿ. ತಿರುಗುವ ಡಿಸ್ಕು ಕೆಡುವ ಮೊದಲು ನರಳುತ್ತದೆ. ಎಸ್‌ಎಸ್‌ಡಿ ಸೂಚನೆಯೇ ಇಲ್ಲದೆ ಹೋಗಿಬಿಡುವುದೂ ಉಂಟು. ಆದ್ದರಿಂದ ನಕಲಿನ ಅಭ್ಯಾಸ ಆಮೇಲೂ ಬೇಕೇಬೇಕು.

ಉಳಿದ ಕಾರಣಗಳು

ಮೆಮೊರಿಯ ವಿಷಯ ಸುಲಭ. ಹಳೆಯ ಯಂತ್ರಗಳಲ್ಲಿ 4 ಜಿಬಿ ಇರುತ್ತದೆ, ಇಂದಿನ ಬ್ರೌಸರಿಗೆ ಅದು ಸಾಲದು. ಕೆಲಸದ ಮೇಜು ತುಂಬಿದಾಗ ಯಂತ್ರ ಕಾಗದಗಳನ್ನು ಡಿಸ್ಕೆಂಬ ಉಗ್ರಾಣಕ್ಕೆ ಒಯ್ದು ತರುತ್ತಿರುತ್ತದೆ, ಅದರಲ್ಲೇ ಹೊತ್ತು ಹೋಗುತ್ತದೆ. ಖಾಲಿ ಸ್ಲಾಟ್ ಇದ್ದರೆ ಇನ್ನೊಂದು 4 ಜಿಬಿ ಹಾಕಿಸಬಹುದು. ಕೆಲವು ತೆಳ್ಳನೆಯ ಯಂತ್ರಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಅಲ್ಲಿ ದಾರಿಯಿಲ್ಲ. ಇರುವ ಮೆಮೊರಿ ಪಟ್ಟಿಯೇ ಸಡಿಲವಾಗಿದ್ದರೆ ತೆಗೆದು, ಅದರ ಹೊಳೆಯುವ ಹಲ್ಲುಗಳನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆ ಹಲ್ಲುಗಳ ಮೇಲಿರುವುದು ಚಿನ್ನದ ತೆಳುಲೇಪ. ತುಕ್ಕು ಹಿಡಿಯದ ಲೋಹವೆಂದು ಅದನ್ನೇ ಬಳಸುತ್ತಾರೆ. ಮಾವನಿಗೆ ಅದನ್ನು ತೋರಿಸಿದಾಗ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

ಒಂದೇ ಯಂತ್ರದಲ್ಲಿ ಎರಡು ಆ್ಯಂಟಿವೈರಸ್ ಇದ್ದರೆ ಒಂದು ಮತ್ತೊಂದರ ಕೈಹಿಡಿದು ಎಳೆಯುತ್ತದೆ, ಒಂದನ್ನು ತೆಗೆಯಿರಿ. ಡಿಸ್ಕಿನಲ್ಲಿ ಖಾಲಿ ಜಾಗ ನೂರಕ್ಕೆ ಹತ್ತು ಹದಿನೈದಾದರೂ ಉಳಿದಿರಬೇಕು. ಏಳುವಾಗ ಜೊತೆಗೇ ಏಳುವ ತಂತ್ರಾಂಶಗಳ ಪಟ್ಟಿ ಟಾಸ್ಕ್ ಮ್ಯಾನೇಜರಿನಲ್ಲೇ ‘ಸ್ಟಾರ್ಟಪ್’ ಎಂಬ ಶೀರ್ಷಿಕೆಯಡಿ ಇದೆ. ಬೇಡದವನ್ನು ನಿಲ್ಲಿಸಬಹುದು, ಆ್ಯಂಟಿವೈರಸನ್ನು ಮಾತ್ರ ಮುಟ್ಟಬಾರದು. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಯಂತ್ರವನ್ನು ಇಂಟರ್‌ನೆಟ್ಟಿಗೆ ಸೇರಿಸಿದಾಗ ಬಾಕಿ ಇದ್ದ ಅಪ್‌ಡೇಟುಗಳೆಲ್ಲ ಒಮ್ಮೆಗೇ ಇಳಿಯುತ್ತವೆ. ಒಂದು ರಾತ್ರಿ ಬಿಟ್ಟುಕೊಡಿ, ಅದು ರೋಗವಲ್ಲ.

ವಿದ್ಯುತ್ತಿನ ಬಗ್ಗೆ ತೋಟದ ಮನೆಯವರು ಹೆಚ್ಚು ಎಚ್ಚರದಿಂದಿರಬೇಕು. ಮೂಲ ಚಾರ್ಜರ್ ಕೆಟ್ಟು ಕಡಿಮೆ ವಾಟಿನ ಬದಲಿ ಚಾರ್ಜರ್ ಹಾಕಿದರೆ ಹಲವು ಯಂತ್ರಗಳು ವೇಗ ತಗ್ಗಿಸಿಕೊಳ್ಳುತ್ತವೆ. ಮುಟ್ಟಿದರೆ ಜುಂ ಎನ್ನುವುದು ಅರ್ತಿಂಗ್ ಸರಿಯಿಲ್ಲವೆಂಬುದರ ಸೂಚನೆ. ಬೇಸಿಗೆಯ ಗುಡುಗುಮಳೆ ಶುರುವಾದ ಕೂಡಲೇ ಚಾರ್ಜರನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಬೇಕು. ಇನ್ನು, ಕೀಲಿಮಣೆಯ ಕೆಳಗಿನ ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಅಥವಾ ಯಂತ್ರ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ, ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಬೇಕು. ಇದೊಂದು ಮಾತ್ರ ತಡಮಾಡುವ ವಿಷಯವಲ್ಲ. ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಒತ್ತಬೇಡಿ, ಅದು ಹೊತ್ತಿಕೊಳ್ಳುವಂಥದ್ದು. ಬಿಚ್ಚಬಲ್ಲವರ ಬಳಿ ಒಯ್ದು ತೆಗೆಸಿ.

ಇಷ್ಟರಿಂದಲೂ ಕಾರಣ ತಿಳಿಯದಿದ್ದರೆ ಒಂದು ಒಳ್ಳೆಯ ಪರೀಕ್ಷೆಯಿದೆ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು, ಒಳಗಿನ ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಕಾಲೇಜಿಗೆ ಹೋಗುವ ಹುಡುಗರಿಗೆ ಇದು ಗೊತ್ತಿರುತ್ತದೆ. ಹಾಗೆ ಎರಡು ಗಂಟೆ ನಡೆಸಿದರೂ ನಿಲ್ಲದಿದ್ದರೆ ದೋಷ ಡಿಸ್ಕಿನಲ್ಲೋ ವಿಂಡೋಸಿನಲ್ಲೋ ಇರಬೇಕು. ಆಗಲೂ ನಿಂತರೆ ಬಿಸಿ, ಮೆಮೊರಿ, ಇಲ್ಲವೇ ಬೋರ್ಡು. ಬೋರ್ಡು ಹೋಗಿದೆ ಎಂಬ ಮಾತನ್ನು ಈ ಪರೀಕ್ಷೆ ಮಾಡದೆ ಯಾರೇ ಹೇಳಿದರೂ ನಾನು ಒಪ್ಪುವುದಿಲ್ಲ.

ದುರಸ್ತಿಯೋ ಬದಲಿಯೋ

ಮಾವನ ಯಂತ್ರಕ್ಕೆ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಮೆಮೊರಿ, ಹೊಸ ಪೇಸ್ಟ್ ಇಷ್ಟು ಹಾಕಲಾಯಿತು, ಈಗಲೂ ನಡೆಯುತ್ತಿದೆ. ಎಲ್ಲ ಯಂತ್ರಗಳಿಗೂ ಇದನ್ನೇ ಹೇಳಲಾರೆ. ಬೋರ್ಡೇ ಹೋಗಿದ್ದರೆ, ಇಲ್ಲವೇ ಡಿಸ್ಕು, ಬ್ಯಾಟರಿ, ಪರದೆ ಮೂರನ್ನೂ ಬದಲಿಸಬೇಕಾಗಿ ಬಂದರೆ, ಆ ಹಣಕ್ಕೆ ಕಂಪನಿಗಳು ಬಳಸಿ ಬಿಟ್ಟ, ಗ್ಯಾರಂಟಿ ಸಹಿತ ಮಾರುವ ಯಂತ್ರ ಕೊಳ್ಳುವುದು ಲೇಸು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ. ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ವಿಂಡೋಸಿನ ವಿಷಯವನ್ನೂ ಗಮನದಲ್ಲಿಡಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ತಿದ್ದುಪಡಿಗೆ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ನಿಗದಿಯಾದ ಗಡುವು 2026ರ ಅಕ್ಟೋಬರ್ 13. ಬೆಂಬಲ ಮುಗಿದ ಕಾರಣಕ್ಕೆ ಯಂತ್ರ ನಿಲ್ಲುವುದಿಲ್ಲ, ಆದರೆ ಕಳ್ಳಗಂಡಿಗಳನ್ನು ಮುಚ್ಚುವವರು ಇರುವುದಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಸುಮಾರಾಗಿ ಎಂಟನೆಯ ಪೀಳಿಗೆಯ ನಂತರದ ಪ್ರೊಸೆಸರನ್ನೂ ಕೇಳುತ್ತದೆ. 2015, 2016ರ ಯಂತ್ರಗಳು ಅದಕ್ಕೆ ಅರ್ಹವಲ್ಲ. ಅಂಥವನ್ನು ಎಸ್‌ಎಸ್‌ಡಿ ಹಾಕಿ ಲಿನಕ್ಸಿನಲ್ಲಿ ನಡೆಸಬಹುದು. ಕನ್ನಡ ಓದಲು ಬರೆಯಲು, ಪಹಣಿ ನೋಡಲು ಅಡ್ಡಿಯಿಲ್ಲ. ಆದರೆ ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡವರು ವಿಂಡೋಸಿನಲ್ಲೇ ಇರುವುದು ಅನುಕೂಲ. ಅವರು ಹೊಸ ಯಂತ್ರದ ಬಗ್ಗೆಯೇ ಯೋಚಿಸಲಿ. ಬೆಂಬಲವಿಲ್ಲದ ಹಳೆಯ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಬೇಡ.

ರಿಪೇರಿಗೆ ಕೊಡುವಾಗ ನೋಟುಪುಸ್ತಕದ ಆ ಪುಟವನ್ನೂ ಜೊತೆಗೆ ಕೊಡಿ, ಕೆಲಸ ಅರ್ಧಕ್ಕೆ ಇಳಿಯುತ್ತದೆ. ಬದಲಿಸಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರದೆ ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ಆಧಾರ್, ಪಾಸ್‌ಬುಕ್, ಸಹಿಯ ನಕಲು ಎಲ್ಲ ಇನ್ನೂ ಇವೆ, ಅಳಿಸಿದರೂ ಬಲ್ಲವರು ತೆಗೆಯಬಲ್ಲರು. ಊದಿದ ಬ್ಯಾಟರಿಯನ್ನು ಗೊಬ್ಬರದ ಗುಂಡಿಗೆ ಎಸೆಯದೆ, ಇ-ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಕೊಡಬೇಕು.